ವಿಕಿರಣ: ನಮಗೆಷ್ಟು ಅಪಾಯ, ನಮ್ಮ ಮಕ್ಕಳಿಗೆಷ್ಟು?

(ಶಿರಸಿಯಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

1948ರ ಹಿರೋಶಿಮಾದಿಂದ ಶುರು ಮಾಡುತ್ತೇನೆ. ಬಾಂಬ್ ಬಿದ್ದು ಮೂರನೇ ವರ್ಷ. ಊಟಕ್ಕೆ ರೇಷನ್ನೇ ಗತಿ. ಬಸುರಿಯರಿಗೆ ಐದು ತಿಂಗಳು ತುಂಬಿದ ಮೇಲೆ ಒಂದಿಷ್ಟು ಜಾಸ್ತಿ ರೇಷನ್ ಕೊಡುವ ಏರ್ಪಾಡು ಅಲ್ಲಿತ್ತು. ಅದಕ್ಕೆ ಹೋಗಿ ಹೆಸರು ಬರೆಸಬೇಕಿತ್ತು. ಹಾಗೆ ಬರೆಸಲು ಬಂದವರ ಕೈಯಲ್ಲೇ ಇನ್ನೊಂದು ಫಾರಂ ತುಂಬಿಸುತ್ತಿದ್ದರು. ಬಾಂಬ್ ಬಿದ್ದಾಗ ನೀವು ಎಲ್ಲಿದ್ದಿರಿ? ನಿಮ್ಮ ಗಂಡ ಎಲ್ಲಿದ್ದರು? ಆಮೇಲೆ ಕೂದಲು ಉದುರಿತಾ? ಜ್ವರ ಬಂತಾ?

ಹೆರಿಗೆಗಳೆಲ್ಲ ಹೆಚ್ಚಾಗಿ ಮನೆಯಲ್ಲೇ ಆಗುತ್ತಿದ್ದವು. ಹೆರಿಗೆ ಮಾಡಿಸಿದ ಸೂಲಗಿತ್ತಿ ಸುದ್ದಿ ಮುಟ್ಟಿಸಿದರೆ ಅವಳಿಗೆ ಒಂದಿಷ್ಟು ಹಣ. ಜಪಾನಿ ಡಾಕ್ಟರೊಬ್ಬರು ಮನೆಗೇ ಹೋಗಿ ಕೂಸನ್ನು ಬಿಚ್ಚಿ ನೋಡಿ ಬರುತ್ತಿದ್ದರು. ತೂಕ ಎಷ್ಟು, ಗಂಡೋ ಹೆಣ್ಣೋ, ತುಟಿ ಸೀಳಿದೆಯಾ, ಬೆರಳು ಸರಿ ಇದೆಯಾ. ಹಿರೋಶಿಮಾ, ನಾಗಸಾಕಿ ಎರಡೂ ಊರುಗಳಲ್ಲಿ 1954ರ ತನಕ ಸುಮಾರು 77,000 ಕೂಸುಗಳನ್ನು ಹೀಗೆ ನೋಡಿದರು. ಈ ಕೆಲಸ ನಡೆಸಿದವರು ಜೇಮ್ಸ್ ನೀಲ್ ಮತ್ತು ವಿಲಿಯಂ ಶುಲ್ ಎಂಬ ಇಬ್ಬರು ತಳಿವಿಜ್ಞಾನಿಗಳು. ಬಸುರಿಯರ ರೇಷನ್ ಪಟ್ಟಿಯನ್ನೇ ಹಿಡಿದುಕೊಂಡು ಮಾಡಿದ ಇಷ್ಟು ದೊಡ್ಡ ಅಧ್ಯಯನ ಇನ್ನೊಂದು ನನಗೆ ಗೊತ್ತಿಲ್ಲ.

ಅವರು ಯಾಕೆ ಇಷ್ಟು ಒದ್ದಾಡಿದರು? ಯಾಕೆಂದರೆ ಭಯ ಇತ್ತು. 1927ರಲ್ಲೇ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಎಕ್ಸ್‌ರೇ ಹಾಯಿಸಿ, ಅವುಗಳ ಮರಿಗಳಲ್ಲಿ ಜೀನ್ ಬದಲಾಗುತ್ತದೆ ಎಂದು ತೋರಿಸಿದ್ದರು. 1946ರಲ್ಲಿ ಅದಕ್ಕೇ ನೊಬೆಲ್ ಬಂತು. ನೊಣದಲ್ಲಿ ಆಗುವುದು ಮನುಷ್ಯರಲ್ಲೂ ಆಗಲೇಬೇಕಲ್ವಾ? ಎಲ್ಲರೂ ಹಾಗೇ ಅಂದುಕೊಂಡರು.

ಆ 77,000 ಕೂಸುಗಳ ಲೆಕ್ಕದಲ್ಲಿ ಏನು ಸಿಕ್ಕಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಇನ್ನೊಂದು ವಿಷಯ.

ನಾನು ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ಕೆಲಸ ಮಾಡಿದವನು. ಯಾವ ರೋಗಿಗೆ ಎಷ್ಟು ವಿಕಿರಣ, ಯಾವ ಕೋನದಿಂದ, ಎಷ್ಟು ಹೊತ್ತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನಮ್ಮ ಜನ ಅದಕ್ಕೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಅಲ್ಲಿ ಜನ ಎರಡು ಪ್ರಶ್ನೆ ಕೇಳುತ್ತಾರೆ. ಒಂದನ್ನು ಡಾಕ್ಟರ ಎದುರಿಗೇ ಕೇಳುತ್ತಾರೆ: ‘ಇದರಿಂದ ಮುಂದೆ ಇನ್ನೊಂದು ಕ್ಯಾನ್ಸರ್ ಬರುತ್ತಾ?’ ಇನ್ನೊಂದನ್ನು ಹೊರಗೆ ಬಂದು, ಅಕ್ಕಪಕ್ಕ ಯಾರಿಲ್ಲ ಅಂತ ನೋಡಿಕೊಂಡು ಕೇಳುತ್ತಾರೆ: ‘ಸಾರ್, ಇವಳಿಗೆ ಮುಂದೆ ಹುಟ್ಟೋ ಮಕ್ಕಳು ಸರಿಯಾಗಿರ್ತಾವಾ?’

ಈ ಎರಡು ಪ್ರಶ್ನೆಗಳಿಗೆ ಉತ್ತರ ಬೇರೆ ಬೇರೆ. ನಾವು ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಹೆದರುತ್ತೇವೆ. ಹಾಗೆ ಹೆದರಿದ್ದರಿಂದ ಜನಕ್ಕೆ ಆದ ಅನ್ಯಾಯ ಸಣ್ಣದಲ್ಲ. ಇವತ್ತು ಮುಖ್ಯವಾಗಿ ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ವಿಕಿರಣ ದೇಹದೊಳಗೆ ಮಾಡುವುದೇನು? ಎಕ್ಸ್‌ರೇ, ಗಾಮಾ ಕಿರಣಗಳಿಗೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವಷ್ಟು ಶಕ್ತಿ ಇರುತ್ತದೆ. ಮೊಬೈಲ್ ಟವರಿನ ಅಲೆಗಳಿಗೆ ಆ ಶಕ್ತಿ ಇಲ್ಲ. ಅದು ಬೇರೆಯದೇ ಜಾತಿ, ಇವತ್ತಿನ ಮಾತಿಗೆ ಅದನ್ನು ಸೇರಿಸಬೇಡಿ. ಹೀಗೆ ಎಲೆಕ್ಟ್ರಾನ್ ಕಿತ್ತಾಗ ಜೀವಕೋಶದೊಳಗಿನ ಡಿಎನ್‌ಎ ಎಳೆ ತುಂಡಾಗಬಹುದು. ಒಂದು ಎಳೆ ತುಂಡಾದರೆ ಜೀವಕೋಶ ಸುಲಭವಾಗಿ ಸರಿಮಾಡಿಕೊಳ್ಳುತ್ತದೆ. ಎದುರುಬದುರಿನ ಎರಡೂ ಎಳೆ ಒಂದೇ ಜಾಗದಲ್ಲಿ ತುಂಡಾದರೆ ಕಷ್ಟ. ಆಗ ಮೂರು ದಾರಿ. ಸರಿಯಾಗಿ ಜೋಡಿಸಿಕೊಳ್ಳಬಹುದು. ಜೀವಕೋಶ ಸತ್ತೇ ಹೋಗಬಹುದು. ಇಲ್ಲವೇ ತಪ್ಪಾಗಿ ಜೋಡಿಸಿಕೊಂಡು ಬದುಕಿ ಉಳಿಯಬಹುದು. ನಮಗೆ ತೊಂದರೆ ಆ ಮೂರನೆಯದರಿಂದ.

ತಪ್ಪಾಗಿ ಜೋಡಿಕೊಂಡ ಒಂದು ಜೀವಕೋಶ ಮರುದಿನವೇ ಕ್ಯಾನ್ಸರ್ ಆಗುವುದಿಲ್ಲ. ಅದಕ್ಕೆ ಇನ್ನೂ ಕೆಲವು ತಪ್ಪುಗಳು ಒಂದರ ಮೇಲೊಂದು ಸೇರಬೇಕು. ವಯಸ್ಸು, ಬೀಡಿ ಸಿಗರೇಟು, ಹಾರ್ಮೋನು, ಸುಮ್ನೆ ಅದೃಷ್ಟ, ಎಲ್ಲವೂ ಅಲ್ಲಿ ಕೈ ಹಾಕುತ್ತವೆ. ಅದಕ್ಕೇ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯುತ್ತದೆ. ಬಂದ ಗಡ್ಡೆಯ ಮೇಲೆ ‘ಇದು ವಿಕಿರಣದಿಂದ ಬಂದದ್ದು’ ಎಂಬ ಗುರುತೂ ಇರುವುದಿಲ್ಲ. ಒಬ್ಬ ವ್ಯಕ್ತಿಯನ್ನು ತೋರಿಸಿ ಇವರಿಗೆ ವಿಕಿರಣದಿಂದಲೇ ಬಂತು ಎಂದು ಹೇಳಲು ಹೆಚ್ಚಿನ ಸಲ ಆಗುವುದಿಲ್ಲ. ಸಾವಿರಾರು ಜನರನ್ನು ದಶಕಗಟ್ಟಲೆ ನೋಡಿ, ಬರಬೇಕಾದ್ದಕ್ಕಿಂತ ಎಷ್ಟು ಜಾಸ್ತಿ ಬಂತು ಎಂದು ಎಣಿಸಬೇಕು. ಬೇರೆ ದಾರಿ ಇಲ್ಲ.

ಆ ಎಣಿಕೆ ನಡೆದದ್ದು, ಈಗಲೂ ನಡೆಯುತ್ತಿರುವುದು ಜಪಾನಿನಲ್ಲಿ. ಹಿರೋಶಿಮಾ, ನಾಗಸಾಕಿಯ ಸುಮಾರು 1,20,000 ಜನರನ್ನು 1950ರಿಂದ ಸಾಯುವವರೆಗೂ ಹಿಂಬಾಲಿಸುವ ಅಧ್ಯಯನ ಅದು. ಇದರಲ್ಲಿ ಒಂದು ದೊಡ್ಡ ತೊಡಕಿತ್ತು. ಯಾರಿಗೆ ಎಷ್ಟು ವಿಕಿರಣ ತಗುಲಿತು ಎಂದು ತಿಳಿಯುವುದು ಹೇಗೆ? 1945ರ ಆಗಸ್ಟಿನಲ್ಲಿ ಯಾರ ಎದೆಯ ಮೇಲೂ ಡೋಸ್ ಅಳೆಯುವ ಬ್ಯಾಡ್ಜ್ ಇರಲಿಲ್ಲ. ಹಾಗಾಗಿ ಮನೆಮನೆಗೆ ಹೋಗಿ ಕೇಳಿದರು. ಯಾವ ಕೋಣೆಯಲ್ಲಿದ್ದಿರಿ, ಯಾವ ಕಡೆಗೆ ಮುಖ ಮಾಡಿದ್ದಿರಿ, ನಿಮಗೂ ಬಾಂಬಿಗೂ ನಡುವೆ ಎಷ್ಟು ಗೋಡೆ ಇತ್ತು, ಮಾಡು ಹೆಂಚಿನದಾ. ಉತ್ತರವನ್ನು ಮನೆಯ ನಕ್ಷೆ ಸಮೇತ ಬರೆದುಕೊಂಡರು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ವಿಷಯ ಹೇಳುತ್ತೇನೆ. ಜಪಾನಿ ಮರದ ಮನೆಯ ಗೋಡೆ ಎಷ್ಟು ವಿಕಿರಣ ತಡೆಯುತ್ತದೆ ಎಂದು ತಿಳಿಯಲು ಅಮೆರಿಕದವರು ನೆವಾಡಾದ ಮರುಭೂಮಿಯಲ್ಲಿ ಜಪಾನಿ ಮಾದರಿಯ ಮನೆಗಳನ್ನೇ ಕಟ್ಟಿದರು. 1962ರಲ್ಲಿ ಅವುಗಳ ಹತ್ತಿರ 465 ಮೀಟರ್ ಎತ್ತರದ ಕಬ್ಬಿಣದ ಗೋಪುರ ನಿಲ್ಲಿಸಿ, ಮೇಲೆ ಒಂದು ಪುಟ್ಟ ರಿಯಾಕ್ಟರನ್ನು ಏರಿಸಿ, ಕೆಳಗಿನ ಮನೆಗಳೊಳಗೆ ಬಂದ ವಿಕಿರಣವನ್ನು ಅಳೆದರು. ಇವತ್ತು ಆಸ್ಪತ್ರೆಗಳಲ್ಲಿ, ಅಣುಸ್ಥಾವರಗಳಲ್ಲಿ ನಾವು ಬಳಸುವ ಸುರಕ್ಷತೆಯ ಮಿತಿಗಳ ಹಿಂದೆ ಇಂಥ ಕೆಲಸ ಇದೆ. ಮತ್ತು ಆ ಜನರ ನೋವಿದೆ. ಅದನ್ನು ಮರೆಯುವ ಹಾಗಿಲ್ಲ. ಅಧ್ಯಯನ ಶುರು ಮಾಡಿದ ಅಮೆರಿಕನ್ ಸಂಸ್ಥೆ ಅವರನ್ನು ಪರೀಕ್ಷೆ ಮಾಡುತ್ತಿತ್ತು, ಚಿಕಿತ್ಸೆ ಕೊಡುತ್ತಿರಲಿಲ್ಲ. ‘ನಮ್ಮನ್ನು ಪ್ರಯೋಗದ ಪ್ರಾಣಿ ಮಾಡಿಕೊಂಡರು’ ಎಂದು ಜನ ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದು. 1975ರಲ್ಲಿ ಆ ಸಂಸ್ಥೆ ಹೋಗಿ, ಎರಡೂ ದೇಶ ಸೇರಿ ನಡೆಸುವ ಹೊಸ ಪ್ರತಿಷ್ಠಾನ ಬಂತು.

ಎಣಿಕೆಯಲ್ಲಿ ಮೊದಲು ಕಂಡದ್ದು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಎರಡು ಮೂರು ವರ್ಷಕ್ಕೇ ಶುರುವಾಯಿತು. ಆರೆಂಟು ವರ್ಷಕ್ಕೆ ತುತ್ತತುದಿಗೆ ಹೋಯಿತು. ಆಮೇಲೆ ಇಳಿಯತೊಡಗಿತು. ಮಕ್ಕಳಾಗಿದ್ದವರಿಗೆ ಹೆಚ್ಚು ಪೆಟ್ಟು. ಕಾಗದದ ಕೊಕ್ಕರೆ ಮಡಿಸಿದ ಸದಾಕೋ ಸಸಾಕಿಯ ಕತೆ ನಿಮ್ಮಲ್ಲಿ ಹಲವರು ಮಕ್ಕಳಿಗೆ ಹೇಳಿರುತ್ತೀರಿ. ಬಾಂಬ್ ಬಿದ್ದಾಗ ಅವಳಿಗೆ 2 ವರ್ಷ. ತೀರಿಕೊಂಡದ್ದು 1955ರ ಅಕ್ಟೋಬರಿನಲ್ಲಿ, 12ನೇ ವಯಸ್ಸಿನಲ್ಲಿ, ಲ್ಯುಕೇಮಿಯಾದಿಂದ.

ಹೊಟ್ಟೆ, ಶ್ವಾಸಕೋಶ, ಸ್ತನ, ಥೈರಾಯ್ಡ್, ಕರುಳು, ಹೀಗೆ ಗಡ್ಡೆ ಕಟ್ಟುವ ಕ್ಯಾನ್ಸರುಗಳದ್ದು ಬೇರೆ ನಡಿಗೆ. ಅವು ಹತ್ತು ವರ್ಷದ ಮೇಲೆ ನಿಧಾನಕ್ಕೆ ಏರತೊಡಗಿದವು. ಇಳಿಯಲೇ ಇಲ್ಲ. ಬಾಂಬ್ ಬಿದ್ದಾಗ ಹತ್ತು ವರ್ಷದವರಾಗಿದ್ದವರು ಎಪ್ಪತ್ತು ದಾಟಿದರೂ, ಆ ಒಂದು ಬೆಳಗಿನ ಲೆಕ್ಕ ಅವರ ದೇಹದಲ್ಲಿ ಮುಗಿದಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ತಗುಲಿದಷ್ಟೂ ಅಪಾಯ ಜಾಸ್ತಿ. ಹೆಂಗಸರಿಗೆ ಗಂಡಸರಿಗಿಂತ ಜಾಸ್ತಿ.

ಈಗ ಒಂದು ಅಂಕಿ ಹೇಳುತ್ತೇನೆ, ಗಮನ ಕೊಟ್ಟು ಕೇಳಿ. ಲೆಕ್ಕಕ್ಕೆ ಸಿಗುವಷ್ಟು ಡೋಸ್ ತಗುಲಿದ್ದ ಸುಮಾರು 44,600 ಜನರಲ್ಲಿ 1958ರಿಂದ 1998ರವರೆಗೆ ಗಡ್ಡೆ ಕ್ಯಾನ್ಸರ್ ಬಂದದ್ದು ಸುಮಾರು 7,850 ಜನಕ್ಕೆ. ಅದರಲ್ಲಿ ಬಾಂಬಿನ ವಿಕಿರಣದಿಂದ ಬಂದದ್ದು ಎಷ್ಟಿರಬಹುದು? ಸಭೆಯಲ್ಲಿ ಕೇಳಿದರೆ ಆರು ಸಾವಿರ, ಏಳು ಸಾವಿರ ಅನ್ನುವ ಉತ್ತರ ಬರುತ್ತದೆ. ಲೆಕ್ಕ ಹೇಳುವುದು ಸುಮಾರು 850 ಎಂದು. ಉಳಿದ 7,000 ಜನಕ್ಕೆ ಬಾಂಬ್ ಬೀಳದಿದ್ದರೂ ಬರುತ್ತಿತ್ತು. ಲ್ಯುಕೇಮಿಯಾದಲ್ಲಿ ಪಾಲು ದೊಡ್ಡದು: 2000ದವರೆಗೆ ಸತ್ತ 204 ಜನರಲ್ಲಿ 94 ಸಾವು ವಿಕಿರಣದ್ದು, ಹತ್ತಿರ ಹತ್ತಿರ ಅರ್ಧ.

850 ಸಣ್ಣ ಸಂಖ್ಯೆ ಅಂತ ನಾನು ಹೇಳುತ್ತಿಲ್ಲ. ಅಷ್ಟೂ ಮನೆಗಳಲ್ಲಿ ಒಬ್ಬೊಬ್ಬರು ನರಳಿದ್ದಾರೆ. ಆದರೆ ‘ವಿಕಿರಣ ತಗುಲಿದವರಿಗೆಲ್ಲ ಕ್ಯಾನ್ಸರ್ ಗ್ಯಾರಂಟಿ’ ಎನ್ನುವ ಮಾತು ಸುಳ್ಳು.

ಇನ್ನು ಅಳತೆಯ ವಿಷಯ. ವಿಕಿರಣದ ಡೋಸನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮಗೆಲ್ಲ ಸುಮ್ನೆ ಕೂತಲ್ಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಎದೆಯ ಎಕ್ಸ್‌ರೇ ತೆಗೆಸಿದರೆ 0.1 ಅಥವಾ ಅದಕ್ಕೂ ಕಡಿಮೆ. ಹೊಟ್ಟೆಯ ಸಿಟಿ ಸ್ಕ್ಯಾನ್‌ನಲ್ಲಿ 10ರ ಆಸುಪಾಸು. ನಾನೀಗ ಹೇಳಿದ ಜಪಾನಿನ ಜನಕ್ಕೆ ಸರಾಸರಿ 200. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಅಂದಾಜಿನಲ್ಲಿ 1,000 ಮಿಲಿಸೀವರ್ಟ್ ತಗುಲಿದರೆ ಜೀವಮಾನದ ಕ್ಯಾನ್ಸರ್ ಅಪಾಯ ಶೇಕಡ 5ರಷ್ಟು, ಅಂದರೆ ನೂರು ಜನರಲ್ಲಿ ಐದು ಜನದಷ್ಟು, ಏರುತ್ತದೆ. ಡೋಸ್ ಇಳಿದಷ್ಟೇ ಅಪಾಯವೂ ಇಳಿಯುತ್ತದೆ ಎಂದು ಅದೇ ಗೆರೆಯನ್ನು ಕೆಳಗೆ ಎಳೆದರೆ, ಒಂದು ಸಿಟಿ ಸ್ಕ್ಯಾನಿನ 10 ಮಿಲಿಸೀವರ್ಟ್‌ಗೆ 2,000 ಜನರಲ್ಲಿ ಒಬ್ಬರಿಗೆ. ನಮ್ಮ ದೇಶದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಹೇಗೂ ಕ್ಯಾನ್ಸರ್ ಬರುತ್ತದೆ ಎಂದು ಕ್ಯಾನ್ಸರ್ ನೋಂದಣಿ ಅಂದಾಜು ಮಾಡಿದೆ. ಅಂದರೆ ಆ 2,000 ಜನರಲ್ಲಿ ಹೇಗೂ ಸುಮಾರು 222 ಜನಕ್ಕೆ ಬರುತ್ತಿತ್ತು. ಈಗ 223.

ಆದರೆ ಹಾಗೆ ಗೆರೆ ಎಳೆಯಬಹುದಾ? ವಿಜ್ಞಾನಿಗಳ ನಡುವೆ ದೊಡ್ಡ ಜಗಳ ಇರುವುದೇ ಇಲ್ಲಿ. ಬಾಂಬಿನ ಡೋಸ್ ಒಂದೇ ಕ್ಷಣದಲ್ಲಿ ಬಂತು. ನಮಗೆ ಬರುವುದು ಹನಿಹನಿಯಾಗಿ. ನೀವು ಮಲೆನಾಡಿನವರು, ನಾಲ್ಕು ತಿಂಗಳ ಮಳೆ ಒಂದೇ ರಾತ್ರಿ ಸುರಿದರೆ ಏನಾಗುತ್ತದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಮಣ್ಣಿಗೆ ಹೀರಿಕೊಳ್ಳಲು ಸಮಯ ಸಿಕ್ಕರೆ ಗುಡ್ಡ ಜಾರುವುದಿಲ್ಲ. ಜೀವಕೋಶಕ್ಕೂ ರಿಪೇರಿಗೆ ಸಮಯ ಸಿಕ್ಕರೆ ಹಾನಿ ಕಡಿಮೆ ಇರಬೇಕು ಎನ್ನುವುದು ಒಂದು ವಾದ.

ಈ ವಾದಕ್ಕೆ ಬೆಂಬಲ ಕೊಡುವುದು ನಮ್ಮ ಪಕ್ಕದ ಕೇರಳ. ಕೊಲ್ಲಂ ಜಿಲ್ಲೆಯ ಚವರ, ನೀಂಡಕರ ಕಡಲತೀರದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇದೆ. ಮೊನಜೈಟಿನಲ್ಲಿ ವಿಕಿರಣ ಸೂಸುವ ಥೋರಿಯಂ. ಆ ಕರಿಮರಳಿನ ಮೇಲೆ ತಲೆಮಾರುಗಳಿಂದ ಜನ ಮನೆ ಕಟ್ಟಿಕೊಂಡಿದ್ದಾರೆ, ಮೀನು ಒಣಗಿಸುತ್ತಾರೆ. ಕೆಲವು ಕಡೆ ವರ್ಷಕ್ಕೆ ಹತ್ತಾರು ಮಿಲಿಸೀವರ್ಟ್. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಕರುನಾಗಪ್ಪಳ್ಳಿ ತಾಲೂಕಿನ ಸುಮಾರು 70,000 ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಳಿನ ವಿಕಿರಣ ಏರಿದಂತೆ ಕ್ಯಾನ್ಸರ್ ಏರಿದ್ದು ಕಾಣಲಿಲ್ಲ. ಅಂದ ಹಾಗೆ ನಮ್ಮ ಉಳ್ಳಾಲದ ಕಡಲತೀರದಲ್ಲೂ ಇಂಥ ಮೊನಜೈಟ್ ಮರಳಿನ ಪಟ್ಟಿ ಇದೆ. ಮಂಗಳೂರು ವಿಶ್ವವಿದ್ಯಾಲಯದವರು ಅದನ್ನು ಅಳೆದು 1993ರಲ್ಲೇ ಪ್ರಕಟಿಸಿದ್ದಾರೆ. ಉಳ್ಳಾಲಕ್ಕೆ ಹೋಗಿ ಕಡಲು ನೋಡಿ ಬರುವುದಕ್ಕೆ ಹೆದರುವ ಅಗತ್ಯ ಇಲ್ಲ, ಮಕ್ಕಳು ಮರಳಲ್ಲಿ ಆಡಲಿ.

ಇನ್ನೊಂದು ಕಡೆಯ ಸಾಕ್ಷಿಯೂ ಇದೆ. ಫ್ರಾನ್ಸ್, ಬ್ರಿಟನ್, ಅಮೆರಿಕದ ಅಣು ಉದ್ಯಮದ 3 ಲಕ್ಷಕ್ಕೂ ಹೆಚ್ಚು ನೌಕರರ ದಾಖಲೆಯನ್ನು ಒಟ್ಟು ಸೇರಿಸಿ ನೋಡಿದ ಅಧ್ಯಯನ 2023ರಲ್ಲಿ ಬಂತು. ಅವರಿಗೂ ಹನಿಹನಿಯಾಗಿಯೇ ತಗುಲಿದ್ದು. ಆದರೆ ಅವರಲ್ಲಿ ಡೋಸಿಗೆ ತಕ್ಕಂತೆ ಕ್ಯಾನ್ಸರ್ ಸಾವು ಏರಿದ್ದು ಕಂಡಿತು. ಏರಿದ ಪ್ರಮಾಣ ಜಪಾನಿಗಿಂತ ಕಡಿಮೆಯೇನೂ ಇರಲಿಲ್ಲ. ಹಾಗಾದರೆ ಯಾವುದನ್ನು ನಂಬೋಣ? ನಾನು ಎಚ್ಚರಿಕೆಯ ಕಡೆ ನಿಲ್ಲುತ್ತೇನೆ. ಸಣ್ಣ ಡೋಸಿಗೆ ಸಣ್ಣ ಅಪಾಯ ಇದೆ ಎಂದೇ ಇಟ್ಟುಕೊಂಡು ಕೆಲಸ ಮಾಡಬೇಕು. ಹತ್ತು ವರ್ಷದ ಹಿಂಬಾಲಿಕೆ ಕ್ಯಾನ್ಸರಿನ ಮಟ್ಟಿಗೆ ಗಿಡ್ಡ. ‘ಕಾಣಲಿಲ್ಲ’ ಅಂದರೆ ‘ಇಲ್ಲ’ ಅಂತ ಅಲ್ಲ.

ಎಚ್ಚರಿಕೆಯ ಕಡೆ ಯಾಕೆ ಅಂದರೆ, ಒಬ್ಬ ಡಾಕ್ಟರಮ್ಮನ ಕಾರಣಕ್ಕೆ. ಆಲಿಸ್ ಸ್ಟೀವರ್ಟ್ ಅಂತ, ಆಕ್ಸ್‌ಫರ್ಡಿನವರು. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮಕ್ಕಳ ಲ್ಯುಕೇಮಿಯಾ ಏರುತ್ತಿತ್ತು. ಕಾರಣ ಗೊತ್ತಿರಲಿಲ್ಲ. ಇವರು ಒಂದು ಸರಳ ಕೆಲಸ ಮಾಡಿದರು. ಮಗುವನ್ನು ಕಳೆದುಕೊಂಡ ತಾಯಂದಿರನ್ನೂ, ಆರೋಗ್ಯವಾಗಿರುವ ಮಕ್ಕಳ ತಾಯಂದಿರನ್ನೂ ಒಂದೇ ಪ್ರಶ್ನೆಪಟ್ಟಿ ಹಿಡಿದು ಕೇಳಿಸಿದರು. ಬಸುರಿಯಲ್ಲಿ ಏನು ತಿಂದಿರಿ, ಯಾವ ಕಾಯಿಲೆ ಬಂತು, ಎಕ್ಸ್‌ರೇ ತೆಗೆಸಿದ್ದಿರಾ. ತಾಯಿಗೆ ಗೊತ್ತಿರುವುದು ಡಾಕ್ಟರ ಕಡತದಲ್ಲಿ ಇರುವುದಿಲ್ಲ ಎಂಬುದು ಅವರ ನಂಬಿಕೆ. ಆಗ ಬಸುರಿಯರ ಹೊಟ್ಟೆಯ ಎಕ್ಸ್‌ರೇ ತೆಗೆದು ಕೂಸಿನ ಭಂಗಿ ನೋಡುವುದು ಮಾಮೂಲಿ. ಸತ್ತ ಮಕ್ಕಳ ತಾಯಂದಿರಲ್ಲಿ ಆ ಎಕ್ಸ್‌ರೇ ತೆಗೆಸಿಕೊಂಡವರು ಸುಮಾರು ಎರಡು ಪಟ್ಟು ಇದ್ದರು. 1956ರಲ್ಲಿ ಮೊದಲ ಪತ್ರ, 1958ರಲ್ಲಿ ಪೂರ್ತಿ ವರದಿ. ವೈದ್ಯಲೋಕ ಒಪ್ಪಲಿಲ್ಲ. ಇಷ್ಟು ಸಣ್ಣ ಡೋಸಿಗೆ ಹೀಗಾಗಲು ಸಾಧ್ಯವಿಲ್ಲ, ತಾಯಂದಿರ ನೆನಪು ತಪ್ಪಿರಬೇಕು ಎಂದರು. ಒಪ್ಪಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಬೇಕಾಯಿತು. ಅಷ್ಟು ವರ್ಷ ಬಸುರಿಯರ ಹೊಟ್ಟೆಯ ಎಕ್ಸ್‌ರೇ ನಡೆದೇ ಇತ್ತು. ಈ ಕತೆ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಾಯಂದಿರು ಹೇಳಿದ್ದನ್ನು ಆಗಲೇ ಕೇಳಿದ್ದಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದವೋ.

ಇವತ್ತು ಬಸುರಿಗೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಅದರಲ್ಲಿ ಈ ವಿಕಿರಣ ಇಲ್ಲವೇ ಇಲ್ಲ. ಎಂಆರ್‌ಐನಲ್ಲೂ ಇಲ್ಲ. ಸಿಟಿ ಸ್ಕ್ಯಾನಿನಲ್ಲಿ ಇದೆ. ಯುರೋಪಿನ ಒಂಬತ್ತು ದೇಶಗಳಲ್ಲಿ ಚಿಕ್ಕ ವಯಸ್ಸಿನಲ್ಲಿ ಸಿಟಿ ಮಾಡಿಸಿಕೊಂಡ ಸುಮಾರು 9.5 ಲಕ್ಷ ಜನರನ್ನು ನೋಡಿದ ಅಧ್ಯಯನವೂ 2023ರದ್ದೇ. 10,000 ಮಕ್ಕಳಿಗೆ ಸಿಟಿ ಮಾಡಿದರೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಒಬ್ಬರಿಂದ ಇಬ್ಬರಿಗೆ ಅದರಿಂದ ರಕ್ತದ ಕ್ಯಾನ್ಸರ್ ಬರಬಹುದು ಎಂಬುದು ಅವರ ಲೆಕ್ಕ. ಮಗು ಬೈಕಿನಿಂದ ಬಿದ್ದು ವಾಂತಿ ಮಾಡಿಕೊಳ್ಳುತ್ತಿದೆ, ಡಾಕ್ಟರು ತಲೆಯ ಸಿಟಿ ಆಗಲೇಬೇಕು ಅನ್ನುತ್ತಾರೆ ಅಂದರೆ, ಈ ಅಂಕಿ ನೆನಪು ಮಾಡಿಕೊಂಡು ಹಿಂದೆ ಸರಿಯಬೇಡಿ. ತಲೆಯೊಳಗಿನ ರಕ್ತಸ್ರಾವ ಹನ್ನೆರಡು ವರ್ಷ ಕಾಯುವುದಿಲ್ಲ. ಆದರೆ ‘ಸುಮ್ನೆ ಒಂದು ಸಿಟಿ ಮಾಡಿಸಿಬಿಡೋಣ, ಸಮಾಧಾನಕ್ಕೆ’ ಅಂತ ನೀವೇ ಒತ್ತಾಯ ಮಾಡಬೇಡಿ. ಹಳೆಯ ಫಿಲ್ಮು, ಸಿಡಿ, ರಿಪೋರ್ಟು ಜೋಪಾನ ಮಾಡಿ. ಊರು ಬದಲಾಯಿಸಿದಾಗ, ಡಾಕ್ಟರನ್ನು ಬದಲಾಯಿಸಿದಾಗ ಅದೇ ಸ್ಕ್ಯಾನ್ ಎರಡನೇ ಸಲ ಆಗುವುದು ಆ ಕವರ್ ಮನೆಯಲ್ಲಿ ಮರೆತು ಬಂದದ್ದಕ್ಕೆ.

ಚೆರ್ನೋಬಿಲ್ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1986ರ ಏಪ್ರಿಲ್ 26ರಂದು ಅಲ್ಲಿನ ಅಣುಸ್ಥಾವರ ಸಿಡಿಯಿತು. ಅಲ್ಲಿ ಮಕ್ಕಳ ಥೈರಾಯ್ಡ್ ಕೆಡಿಸಿದ್ದು ಹಾಲು. ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್, ಹುಲ್ಲಿನ ಮೇಲೆ ಬಿತ್ತು, ಹುಲ್ಲನ್ನು ಹಸು ತಿಂದಿತು, ಹಾಲನ್ನು ಮಕ್ಕಳು ಕುಡಿದರು. ಆ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧ ಆಗುತ್ತದೆ. ಕೆಲವು ವಾರ ಆ ಹಾಲು ತಪ್ಪಿಸಿದ್ದರೆ ಸಾಕಿತ್ತು. ಸೋವಿಯತ್ ಸರಕಾರ ಹೊತ್ತಿಗೆ ಸರಿಯಾಗಿ ಜನಕ್ಕೆ ಹೇಳಲಿಲ್ಲ. ಪಕ್ಕದ ಪೋಲೆಂಡ್ ಕೆಲವೇ ದಿನದಲ್ಲಿ ಸುಮಾರು 1 ಕೋಟಿ ಮಕ್ಕಳಿಗೆ ವಿಕಿರಣ ಇಲ್ಲದ ಮಾಮೂಲಿ ಅಯೋಡಿನ್ ಔಷಧಿ ಕುಡಿಸಿತು, ಥೈರಾಯ್ಡಿನಲ್ಲಿ ಅದು ತುಂಬಿಕೊಂಡು ಕೆಟ್ಟ ಅಯೋಡಿನ್‌ಗೆ ಜಾಗ ಸಿಗದಿರಲಿ ಎಂದು. 2015ರವರೆಗೆ, ಅಪಘಾತದ ವೇಳೆ 18 ದಾಟಿರದವರಲ್ಲಿ 19,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡಿತು. ಅದರಲ್ಲಿ ಸುಮಾರು ಕಾಲು ಭಾಗ ವಿಕಿರಣದ್ದು ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಅಂದಾಜು ಮಾಡಿತು. ಈ ಕ್ಯಾನ್ಸರಿಗೆ ಚಿಕಿತ್ಸೆ ಚೆನ್ನಾಗಿದೆ, ಹೆಚ್ಚಿನವರು ಬದುಕಿದ್ದಾರೆ. ಆದರೆ ಆ ಮಕ್ಕಳಿಗೆ ಇದು ಬರಬೇಕಿರಲೇ ಇಲ್ಲ.

ಈಗ ಎರಡನೇ ಪ್ರಶ್ನೆ. ಆ 77,000 ಕೂಸುಗಳು.

1956ರಲ್ಲಿ ನೀಲ್ ಮತ್ತು ಶುಲ್ ಫಲಿತಾಂಶ ಪ್ರಕಟಿಸಿದರು. ತಂದೆತಾಯಿಗೆ ವಿಕಿರಣ ತಗುಲಿದ್ದ ಕೂಸುಗಳಿಗೂ ತಗುಲದವರ ಕೂಸುಗಳಿಗೂ ಸ್ಪಷ್ಟವಾದ ವ್ಯತ್ಯಾಸ ಸಿಗಲಿಲ್ಲ. ಅಂಗವಿಕಲತೆಯಲ್ಲಿ ಇಲ್ಲ, ಸತ್ತು ಹುಟ್ಟಿದ ಕೂಸುಗಳಲ್ಲಿ ಇಲ್ಲ, ತೂಕದಲ್ಲಿ ಇಲ್ಲ. ಆಮೇಲೂ ಬಿಡಲಿಲ್ಲ. ಕ್ರೋಮೋಸೋಮ್ ನೋಡಿದರು, ರಕ್ತದ ಪ್ರೋಟೀನ್ ನೋಡಿದರು. ಆ ಮಕ್ಕಳು ದೊಡ್ಡವರಾಗಿ ಐವತ್ತು ದಾಟಿದ ಮೇಲೆ ಅವರಲ್ಲಿ ಕ್ಯಾನ್ಸರ್ ಸಾವು, ಬೇರೆ ಸಾವು ಎಣಿಸಿದರು. ತಂದೆತಾಯಿಯ ಡೋಸಿಗೂ ಅದಕ್ಕೂ ಸಂಬಂಧ ಸಿಗಲಿಲ್ಲ. 2021ರಲ್ಲಿ ಅದೇ ಹಳೆಯ ದಾಖಲೆಗಳಿಗೆ ಹೊಸ ಡೋಸ್ ಲೆಕ್ಕ ಹಾಕಿ ಮತ್ತೆ ನೋಡಿದರು. ಸ್ವಲ್ಪ ಏರಿಕೆಯ ಸುಳಿವು ಕಂಡರೂ, ಇದು ವಿಕಿರಣದ್ದೇ ಎಂದು ಹೇಳುವಷ್ಟು ಗಟ್ಟಿ ಇರಲಿಲ್ಲ.

ಹಾಗಾದರೆ ನೊಣದಲ್ಲಿ ಕಂಡದ್ದು ಸುಳ್ಳಾ? ಅಲ್ಲ. ಇಲಿಗಳಲ್ಲೂ ಕಂಡಿದೆ. ಆದರೆ ಅಲ್ಲಿ ಕೊಟ್ಟ ಡೋಸುಗಳು ದೊಡ್ಡವು. ಕೆಟ್ಟ ವೀರ್ಯಾಣು, ಅಂಡಾಣುಗಳಲ್ಲಿ ಹಲವು ಬಸುರಿನ ತನಕ ಬರುವುದೇ ಇಲ್ಲ. ಮನುಷ್ಯರಲ್ಲೂ ಅಪಾಯ ಸೊನ್ನೆ ಎಂದು ಯಾರೂ ಹೇಳುತ್ತಿಲ್ಲ. ವಿಕಿರಣ ರಕ್ಷಣಾ ಆಯೋಗ ಇಲಿಗಳ ಅಂಕಿ ಹಿಡಿದು ಅಂದಾಜು ಮಾಡಿದೆ: 1,000 ಮಿಲಿಸೀವರ್ಟ್‌ಗೆ ಶೇಕಡ 0.2. ಕ್ಯಾನ್ಸರಿನ ಅಪಾಯದ ಇಪ್ಪತ್ತೈದನೇ ಒಂದು ಭಾಗ ಅಷ್ಟೇ.

ಚೆರ್ನೋಬಿಲ್‌ನಲ್ಲೂ ಇದನ್ನು ನೋಡಿದರು. ಅಲ್ಲಿ ಸ್ವಚ್ಛತೆಗೆ ದುಡಿದವರ, ಊರು ಬಿಟ್ಟು ಬಂದವರ 130 ಮಕ್ಕಳ ಇಡೀ ಜೀನೋಮನ್ನು, ಅಂದರೆ ಪೂರ್ತಿ ಡಿಎನ್‌ಎಯನ್ನು, ತಂದೆತಾಯಿಯ ಜೀನೋಮಿನ ಪಕ್ಕ ಇಟ್ಟು ಓದಿದರು. ಇದು ಬಂದದ್ದೂ 2021ರಲ್ಲಿ. ನಮ್ಮ ಪ್ರತಿಯೊಬ್ಬರಲ್ಲೂ ತಂದೆತಾಯಿ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆಗಳು ಐವತ್ತರಿಂದ ನೂರು ಇರುತ್ತವೆ. ಈ ಮಕ್ಕಳಲ್ಲೂ ಅಷ್ಟೇ ಇದ್ದವು. ತಂದೆಯ ಡೋಸಿನ ಜೊತೆ ಅದು ಏರಲಿಲ್ಲ. ಏರಿದ್ದು ತಂದೆಯ ವಯಸ್ಸಿನ ಜೊತೆ. ನಲವತ್ತಕ್ಕೆ ತಂದೆಯಾದವನ ಮಗುವಿನಲ್ಲಿ ಇಪ್ಪತ್ತೈದಕ್ಕೆ ತಂದೆಯಾದವನ ಮಗುವಿಗಿಂತ ಜಾಸ್ತಿ ಬದಲಾವಣೆ. ಆದರೆ ಗಂಡಿಗೆ ನಲವತ್ತಾಯಿತು, ವಂಶ ಕೆಟ್ಟಿತು ಅಂತ ಯಾರಾದರೂ ಸಂಬಂಧ ಬಿಟ್ಟದ್ದು ಕೇಳಿದ್ದೀರಾ?

ಒಂದು ಗೊಂದಲ ಇಲ್ಲಿ ತಿಳಿಯಾಗಬೇಕು. ಹಿರೋಶಿಮಾದಲ್ಲಿ ಚಿಕ್ಕ ತಲೆಯ, ಬುದ್ಧಿ ಬೆಳೆಯದ ಮಕ್ಕಳು ಹುಟ್ಟಿದ್ದು ನಿಜ. ಅವರ ಫೋಟೊ ನೀವು ನೋಡಿರುತ್ತೀರಿ. ಆದರೆ ಅವರು ಬಾಂಬ್ ಬಿದ್ದಾಗ ತಾಯಿಯ ಹೊಟ್ಟೆಯಲ್ಲಿದ್ದವರು, ಅದರಲ್ಲೂ 8ರಿಂದ 15 ವಾರದ ನಡುವೆ ಇದ್ದವರು. ಮೆದುಳು ಕಟ್ಟಿಕೊಳ್ಳುವ ಹೊತ್ತು ಅದು. ವಿಕಿರಣ ನೇರವಾಗಿ ಆ ಮಗುವಿಗೇ ತಗುಲಿತು. ವಂಶದಲ್ಲಿ ಹರಿದು ಬಂದದ್ದಲ್ಲ. ಬಾಂಬ್ ಬಿದ್ದು ವರ್ಷಗಳ ಮೇಲೆ ಬಸುರಾಗಿ ಹೆತ್ತ ಮಕ್ಕಳ ವಿಷಯ ಬೇರೆ. ಜನ ಈ ಎರಡನ್ನೂ ಕಲಸಿಬಿಟ್ಟರು.

ಕಲಸಿದ್ದರಿಂದ ಏನಾಯಿತು? ಜಪಾನಿನಲ್ಲಿ ಬದುಕಿ ಉಳಿದವರನ್ನು ಹಿಬಾಕುಶಾ ಎನ್ನುತ್ತಾರೆ. ಅವರಿಗೆ ಮದುವೆ ಕಷ್ಟವಾಯಿತು. ಹುಡುಗಿ ಹಿರೋಶಿಮಾದವಳು ಅಂದರೆ ಗಂಡಿನ ಕಡೆಯವರು ವಿಚಾರಿಸಿ ಹಿಂದೆ ಸರಿಯುತ್ತಿದ್ದರು. 1957ರಲ್ಲಿ ಸರಕಾರ ಕಾನೂನು ಮಾಡಿ, ಹಿಬಾಕುಶಾಗಳಿಗೆ ಒಂದು ಪುಸ್ತಕ ಕೊಟ್ಟು ಪುಕ್ಕಟೆ ತಪಾಸಣೆಯ ವ್ಯವಸ್ಥೆ ಮಾಡಿತು. ಎಷ್ಟೋ ತಂದೆತಾಯಿ ಮಗಳ ಮದುವೆ ಆಗುವ ತನಕ ಆ ಪುಸ್ತಕಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಯೋಚನೆ ಮಾಡಿ. ಕ್ಯಾನ್ಸರಿನ ಅಪಾಯ ನಿಜವಾಗಿ ಇದ್ದದ್ದು ಅವರ ಸ್ವಂತ ದೇಹಕ್ಕೆ. ಅದಕ್ಕೆ ತಪಾಸಣೆ ಬೇಕಿತ್ತು. ಕಣ್ಣಿಗೆ ಕಾಣದ ವಂಶದ ಕಳಂಕಕ್ಕೆ ಹೆದರಿ ಅದನ್ನೇ ಬಿಟ್ಟುಕೊಟ್ಟರು. ವಿಕಿರಣ ಮಾಡದ ಗಾಯವನ್ನು ಅಕ್ಕಪಕ್ಕದ ಮನೆಯವರು ಮಾಡಿದರು.

ಇದು ಜಪಾನಿನ ಮಾತು ಮಾತ್ರ ಅಂದುಕೊಳ್ಳಬೇಡಿ. ನಮ್ಮಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಗೆ ಕುತ್ತಿಗೆಯ ಗಂಟಿಗೆ ರೇಡಿಯೇಷನ್ ಆಗಿರುತ್ತದೆ. ಪೂರ್ತಿ ಗುಣವಾಗಿರುತ್ತಾಳೆ. ಅವಳ ಅಮ್ಮ ನನ್ನ ಹತ್ತಿರ ಬಂದು, ‘ಅಣ್ಣಾ, ಆ ಫೈಲು ಮನೇಲಿ ಇಟ್ಕೊಳೋದೇ ಬೇಡ ಅಂತಾರೆ ಇವರ ಅಪ್ಪ. ನೋಡೋಕೆ ಬಂದೋರ ಕೈಗೆ ಸಿಕ್ರೆ?’ ಅಂದಿದ್ದರು. ಆ ಫೈಲು ಅವಳಿಗೆ ಜೀವಮಾನವಿಡೀ ಬೇಕು. ಎದೆಯ ಭಾಗಕ್ಕೆ ಚಿಕ್ಕ ವಯಸ್ಸಿನಲ್ಲಿ ರೇಡಿಯೇಷನ್ ಆದ ಹುಡುಗಿಯರಿಗೆ ಮುಂದೆ ಸ್ತನ ಕ್ಯಾನ್ಸರ್ ಅಪಾಯ ಜಾಸ್ತಿ. ಅವರ ತಪಾಸಣೆ ಬೇರೆಯವರಿಗಿಂತ ಬೇಗ ಶುರುವಾಗಬೇಕು. ಎಲ್ಲಿಗೆ, ಎಷ್ಟು ಡೋಸ್ ಕೊಟ್ಟಿದ್ದರು ಎಂದು ಇಪ್ಪತ್ತು ವರ್ಷದ ನಂತರದ ಡಾಕ್ಟರಿಗೆ ಹೇಳುವುದು ಆ ಕಾಗದ ಒಂದೇ. ಇನ್ನು ಮಕ್ಕಳ ವಿಷಯ: ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದವರ ಮಕ್ಕಳನ್ನು ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲಿ ನೋಡಿದ್ದಾರೆ. ತಂದೆ ಅಥವಾ ತಾಯಿಗೆ ಆದ ರೇಡಿಯೇಷನ್ನಿನಿಂದ ಹುಟ್ಟು ದೋಷ ಏರಿದ್ದು ಕಾಣಲಿಲ್ಲ. ಅಂಡಾಶಯಕ್ಕೋ ವೃಷಣಕ್ಕೋ ನೇರವಾಗಿ ಹೆಚ್ಚು ಡೋಸ್ ತಗುಲಿದರೆ ಮಕ್ಕಳಾಗುವುದು ಕಷ್ಟವಾಗಬಹುದು, ಅದು ನಿಜ. ಚಿಕಿತ್ಸೆ ಶುರುವಾಗುವ ಮೊದಲೇ ಡಾಕ್ಟರ ಹತ್ತಿರ ಕೇಳಿ, ವೀರ್ಯ ಅಥವಾ ಅಂಡಾಣು ತೆಗೆದಿಡುವ ವ್ಯವಸ್ಥೆ ಇದೆ. ಆದರೆ ಆದ ಮಕ್ಕಳ ಬಗ್ಗೆ ಹೆದರಬೇಡಿ.

ಹೊರಗಿನಿಂದ ರೇಡಿಯೇಷನ್ ತೆಗೆದುಕೊಂಡವರ ಮೈಯಿಂದ ವಿಕಿರಣ ಹೊರಗೆ ಬರುವುದಿಲ್ಲ. ಅವರಿಗೆ ತಟ್ಟೆ ಲೋಟ ಬೇರೆ ಇಡುವುದು, ಮೊಮ್ಮಗುವನ್ನು ಎತ್ತಿಕೊಳ್ಳಲು ಬಿಡದಿರುವುದು, ಇದೆಲ್ಲ ಬೇಡ. ಥೈರಾಯ್ಡಿಗೆ ರೇಡಿಯೋ ಅಯೋಡಿನ್ ಕುಡಿಸಿದಂಥ ಸಂದರ್ಭದಲ್ಲಿ ಮಾತ್ರ ಕೆಲವು ದಿನ ದೂರ ಇರಬೇಕು. ಅದನ್ನು ಆಸ್ಪತ್ರೆಯವರೇ ಬರೆದು ಕೊಡುತ್ತಾರೆ.

ಶಿರಸಿಗೆ ಬಂದು ಕೈಗಾ ಅಣುಸ್ಥಾವರದ ಬಗ್ಗೆ ಮಾತಾಡದೆ ಹೋಗುವ ಹಾಗಿಲ್ಲ. ಶಿವರಾಮ ಕಾರಂತರು ಪರಿಸರದ ಪ್ರಶ್ನೆ ಇಟ್ಟುಕೊಂಡು 1989ರಲ್ಲಿ ಈ ಜಿಲ್ಲೆಯಿಂದಲೇ ಲೋಕಸಭೆಗೆ ನಿಂತಿದ್ದರು. ಇವತ್ತು ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕ ಇವೆ. ಹೊರಗಿನ ಜನಕ್ಕೆ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಗುಲಬಾರದು ಎಂಬುದು ನಿಯಮ. ನೌಕರರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20, ಯಾವ ಒಂದು ವರ್ಷದಲ್ಲೂ 30 ಮೀರಬಾರದು. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣ ವಸ್ತು ಸೇರಿ 50ಕ್ಕೂ ಹೆಚ್ಚು ನೌಕರರ ದೇಹಕ್ಕೆ ಹೋದದ್ದು ಪೇಪರಿನಲ್ಲಿ ಓದಿರುತ್ತೀರಿ. ಅದು ಗೊತ್ತಾದದ್ದು ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ. ಹಾಗಾಗಿ ಆ ಪರೀಕ್ಷೆ ತಪ್ಪದೆ ನಡೆಯಬೇಕು, ಗುತ್ತಿಗೆ ಕೆಲಸಗಾರರಿಗೂ ನಡೆಯಬೇಕು.

ಸುತ್ತಲಿನ ಊರುಗಳ ಬಗ್ಗೆ ನನ್ನ ನಿಲುವು ಇಷ್ಟು. ಜರ್ಮನಿಯಲ್ಲಿ 2007ರಲ್ಲಿ ಒಂದು ಅಧ್ಯಯನ ಬಂತು. ಅಣುಸ್ಥಾವರದ 5 ಕಿಲೋಮೀಟರ್ ಒಳಗೆ ಇರುವ ಐದು ವರ್ಷದೊಳಗಿನ ಮಕ್ಕಳಲ್ಲಿ ಲ್ಯುಕೇಮಿಯಾ ಸುಮಾರು ಎರಡು ಪಟ್ಟು ಕಂಡಿತು. ಅಲ್ಲಿ ಅಳೆದ ಡೋಸ್ ಅಷ್ಟು ಮಾಡಲು ಸಾಲದು, ಕಾರಣ ಇನ್ನೂ ಬಗೆಹರಿದಿಲ್ಲ. ಆದ್ದರಿಂದ ‘ಏನೂ ಆಗಲ್ಲ, ಸುಮ್ನಿರಿ’ ಎಂದು ಜನರ ಬಾಯಿ ಮುಚ್ಚಿಸುವುದೂ ಸರಿಯಲ್ಲ, ಊರಲ್ಲಿ ಕಂಡ ಪ್ರತಿ ಕ್ಯಾನ್ಸರಿಗೂ ಕೈಗಾ ಕಡೆ ಬೆರಳು ತೋರಿಸುವುದೂ ಸರಿಯಲ್ಲ. ಬೇಕಾದದ್ದು ಪೂರ್ತಿ ಕ್ಯಾನ್ಸರ್ ನೋಂದಣಿ. ಪ್ರತಿ ಹಳ್ಳಿಯಿಂದ, ಪ್ರತಿ ಆಸ್ಪತ್ರೆಯಿಂದ, ಕಾರವಾರ, ಮಂಗಳೂರು, ಹುಬ್ಬಳ್ಳಿ, ಗೋವಾ ಎಲ್ಲಿ ಚಿಕಿತ್ಸೆಗೆ ಹೋದರೂ ಲೆಕ್ಕಕ್ಕೆ ಸೇರುವಂಥದ್ದು. ಅದನ್ನು ಯಾರು ಬೇಕಾದರೂ ನೋಡುವಂತಿರಬೇಕು.

ಕೊನೆಯಲ್ಲಿ ಸಭೆಯಿಂದ ಒಬ್ಬ ತಾಯಿ ಕೇಳಿದರು: ‘ನನ್ನ ಮಗಳಿಗೆ ಏಳು ವರ್ಷ. ತಲೆಗೆ ಪೆಟ್ಟಾಗಿ ಎರಡು ಸಿಟಿ ಆಗಿದೆ. ಈಗ ನಾನೇನು ಮಾಡ್ಲಿ?’

ಮೊದಲು, ತಪ್ಪು ಮಾಡಿದೆ ಅನ್ನುವ ಭಾವನೆ ಬಿಡಿ ತಾಯಿ. ಆಗ ಅದು ಬೇಕಿತ್ತು. ಆ ಎರಡು ಸಿಟಿಗಳಿಂದ ಬಂದ ಅಪಾಯ ಹತ್ತು ಸಾವಿರಕ್ಕೆ ಕೆಲವರ ಮಟ್ಟದ್ದು. ಅದಕ್ಕಾಗಿ ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡಿಸುವ ಅಗತ್ಯ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಆಸ್ಪತ್ರೆ, ಯಾವ ಭಾಗದ ಸ್ಕ್ಯಾನ್ ಎಂದು ಬರೆದಿಡಿ. ಮುಂದೆ ಯಾರಾದರೂ ಮೂರನೆಯದು ಬರೆದುಕೊಟ್ಟರೆ, ‘ಡಾಕ್ಟ್ರೇ, ಇದಕ್ಕೆ ಅಲ್ಟ್ರಾಸೌಂಡೋ ಎಂಆರ್‌ಐಯೋ ಆಗುತ್ತಾ?’ ಎಂದು ಕೇಳಿ. ಒಳ್ಳೆಯ ಡಾಕ್ಟರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅವಳು ದೊಡ್ಡವಳಾಗಿ ಮದುವೆಯ ಮಾತು ಬಂದಾಗ ಆ ನೋಟ್‌ಬುಕ್ ಬಚ್ಚಿಡಬೇಡಿ, ಅವಳ ಕೈಗೇ ಕೊಡಿ.